ಕಂಪನಿಯ ಮಾತು, ಅಪ್ಪನ ಮಾತು

ಇವತ್ತು ಬೆಳಿಗ್ಗೆ ಮಾಳಿಗೆ ಹತ್ತಿದೆ. ಹೆಂಡತಿ ಸಂಡಿಗೆ ಒಣಹಾಕಿ, ಮೇಲೆ ಹಳೆಯ ಧೋತರ ಹೊದಿಸಿ, ಗಾಳಿಗೆ ಹಾರಬಾರದೆಂದು ನಾಲ್ಕು ಮೂಲೆಗೂ ಭಾರ ಇಟ್ಟಿದ್ದಳು. ಒಂದು ಮೂಲೆಗೆ ಇಟ್ಟಂಗಿಯ ಚೂರು, ಒಂದಕ್ಕೆ ಕೀಲಿ ಕಳೆದ ಬೀಗ, ಒಂದಕ್ಕೆ ಗುಂಡುಕಲ್ಲು. ನಾಲ್ಕನೆಯ ಮೂಲೆಗೆ ನನ್ನ ಫೋನು.

"ಏನಿದು?" ಅಂದೆ.

"ಭಾರ," ಅಂದಳು. "ಅದರಿಂದ ಬ್ಯಾರೆ ಏನರ ಕೆಲಸ ಆಗತದೇನು ಹೇಳ್ರಿ, ತೆಗೀತೀನಿ."

ಆಗುವುದಿಲ್ಲ. ಅದೇ ನನ್ನ ಸಂಕಟ. ಆ ಫೋನು ಒಡೆದಿಲ್ಲ, ನೀರಿಗೆ ಬಿದ್ದಿಲ್ಲ, ಕಳುವಾಗಿಲ್ಲ. ಗುಂಡಿ ಒತ್ತಿದರೆ ಇವತ್ತಿಗೂ ಬೆಳಗುತ್ತದೆ. ಅದನ್ನು ಹೆತ್ತ ಕಂಪನಿ ಒಂದು ದಿನ ಎದ್ದು, ಇನ್ನು ಮುಂದೆ ಇದಕ್ಕೂ ನಮಗೂ ಸಂಬಂಧವಿಲ್ಲ ಅಂದುಬಿಟ್ಟಿತು, ಅಷ್ಟೇ. ಕಂಪನಿಯ ಹೆಸರು ಹೇಳುವುದಿಲ್ಲ. ಹೇಳಿದರೆ ಪುಕ್ಕಟೆ ಪ್ರಚಾರ ಮಾಡಿದಂತಾಗುತ್ತದೆ, ಆ ಯೋಗ್ಯತೆ ಅದಕ್ಕಿಲ್ಲ.

ನೀವು ನಗುತ್ತೀರಿ ಅಂತ ಗೊತ್ತು. ಫೋನಿಗೆ ಇಷ್ಟೊಂದು ಸಿಟ್ಟೇ ಅಂತ. ಸ್ವಲ್ಪ ಕೂತು ಕೇಳಿ, ಆಮೇಲೆ ನಗುವುದೋ ಬಿಡುವುದೋ ನಿಮಗೆ ಬಿಟ್ಟದ್ದು.

ಆ ಫೋನಿನ ಮುಖ ಉಳಿದ ಫೋನುಗಳಂತೆ ಇರಲಿಲ್ಲ. ಬೇರೆಯವುಗಳಲ್ಲಿ ಅರಳು ಚೆಲ್ಲಿದ ಹಾಗೆ ಸಣ್ಣಸಣ್ಣ ಚಿತ್ರಗಳು. ಇದರಲ್ಲಿ ಬಣ್ಣಬಣ್ಣದ ಚೌಕಗಳು, ದೊಡ್ಡದು ಸಣ್ಣದು, ಒಂದಕ್ಕೊಂದು ಒತ್ತಿಕೊಂಡು ಕೂತಿರುತ್ತಿದ್ದವು. ಮೊದಲ ಸಲ ತಂದು ತೋರಿಸಿದಾಗ ಅವ್ವ, "ಅಯ್ಯ, ಕೌದಿ ಹೊಲದಂಗ ಅದಲ್ಲೋ!" ಅಂದಳು. ಹೌದು, ಹಳೆಯ ಬಟ್ಟೆಯ ತುಂಡು ಜೋಡಿಸಿ ಹೊಲಿದ ಥೇಟ್ ಕೌದಿ. ಯಾವ ತುಂಡು ಎಲ್ಲಿರಬೇಕು, ಎಷ್ಟು ದೊಡ್ಡದಿರಬೇಕು ಅಂತ ನಾವೇ ಇಟ್ಟುಕೊಳ್ಳಬಹುದಿತ್ತು. ಒಮ್ಮೆ ಇಟ್ಟದ್ದು ಮತ್ತೆ ಸರಿಯುತ್ತಿರಲಿಲ್ಲ. ಬೇಕಾದವರ ಫೋಟೊವನ್ನೇ ಒಂದು ಚೌಕ ಮಾಡಿ ಕೂರಿಸಬಹುದಿತ್ತು, ಮುಖದ ಮೇಲೆ ಬೆರಳಿಟ್ಟರೆ ಅವರ ಫೋನು ಸಿಗುತ್ತಿತ್ತು. ಆ ಚೌಕಗಳು ಆಗಾಗ ತಾವಾಗಿಯೇ ಮಗುಚಿಕೊಳ್ಳುತ್ತಿದ್ದವು, ಒಮ್ಮೆ ಫೋಟೊ, ಒಮ್ಮೆ ಹೆಸರು.

ನಾನು ಅದರ ಭಕ್ತನಾದೆ. ಭಕ್ತ ಎನ್ನುವ ಮಾತು ಸುಮ್ಮನೆ ಬಳಸುತ್ತಿಲ್ಲ. ನಮ್ಮ ವಳಸಂಗದಿಂದ ದಿನಾ ಬೈಕಿನಲ್ಲಿ ಸೋಲಾಪುರದ ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ವಸಾಹತಿಗೆ ಹೋಗುತ್ತೇನೆ, ಅಲ್ಲೊಂದು ಟವೆಲ್ ಕಾರ್ಖಾನೆಯಲ್ಲಿ ಸುಪರ್‌ವೈಜರ್ ಕೆಲಸ. ಮಗ್ಗಗಳ ಸದ್ದಿನಲ್ಲಿ ಪಕ್ಕದವನ ಮಾತು ಕೇಳುವುದಿಲ್ಲ. ಅಂಥದ್ದರಲ್ಲೂ ಊಟದ ಹೊತ್ತಿಗೆ ನಾನು ಫೋನಿನ ಪ್ರವಚನ ಶುರು ಮಾಡುತ್ತಿದ್ದೆ. ಜೊತೆಗಾರ ನಾಗೇಶನಿಗೆ ಅದೇ ಮನರಂಜನೆ. ಅವನು ಸೋಲಾಪುರದ ಪೇಟೆಯವನು, ಕನ್ನಡ ಶುರು ಮಾಡಿ ಮರಾಠಿಯಲ್ಲಿ ಮುಗಿಸುವ ಪೈಕಿ.

"ನಿನ್ನ ಫೋನಿನ್ಯಾಗ ಬ್ಯಾಂಕಿನ ಆ್ಯಪ್ ಅದ ಏನು?"

"ಇಲ್ಲ. ಬರತದ."

"ರೈಲ್ವೆದು?"

"ಅದೂ ಬರತದ. ಕಂಪನಿಯವರು ಹೇಳ್ಯಾರ."

"ಎಲ್ಲಾ ಬರತದ, ಬರತದ! ಜಾವೂ ದೇ ರೆ, ಹೋಗ್ಲಿ ಬಿಡು, ನೀ ಫೋನ್ ತಗೊಂಡಿಲ್ಲ, ಭರವಸಾ ತಗೊಂಡೀದಿ."

ನಾನು ಸಿಟ್ಟಿಗೆದ್ದು ಜೋಳದ ಭಕ್ಕರಿ ಅರ್ಧಕ್ಕೇ ಬಿಟ್ಟು ಏಳುತ್ತಿದ್ದೆ. ಕಂಪನಿಯ ಪರವಾಗಿ ನಾನು ಆಡಿದಷ್ಟು ಜಗಳ ಅದರ ಮಾಲಕ ಕೂಡ ಆಡಿರಲಿಕ್ಕಿಲ್ಲ. ಜಾಹೀರಾತಿನಲ್ಲಿ ಅವರು ಹೇಳಿದ್ದರು, ಕೊನೆತನಕ ನಿಮ್ಮ ಜೊತೆ ಇರುತ್ತೇವೆ ಅಂತ. ನಂಬಿದೆ. ನಮ್ಮ ಮನೆಯಲ್ಲಿ ಕೊಟ್ಟ ಮಾತೆಂದರೆ ಏನೆಂದು ನೋಡಿ ಬೆಳೆದವನು ನಾನು, ನಂಬದೆ ಏನು ಮಾಡಲಿ?

ಆ ಮಾತಿನ ಕಥೆ ಈಗ ಹೇಳಲೇಬೇಕು.

ಅವ್ವನಿಗೆ ಒಬ್ಬಳೇ ಅಕ್ಕ, ನನಗೆ ದೊಡ್ಡವ್ವ. ಕೊಟ್ಟದ್ದು ಅಕ್ಕಲಕೋಟಕ್ಕೆ. ನಮ್ಮೂರಿಂದ ಬೈಕಿನಲ್ಲಿ ಹೊರಟರೆ ಮೈ ಬೆಚ್ಚಗಾಗುವುದರೊಳಗೆ ಊರು ಬರುತ್ತದೆ. ಸಾಲೆಗೆ ಸೂಟಿ ಬಿತ್ತೆಂದರೆ ನಾನು ಅಲ್ಲಿಯೇ. ದೊಡ್ಡವ್ವನ ಗಂಟಲು ಅಂದರೆ ಗಂಟಲು! ಮನೆಯಿಂದ ಕೂಗಿದರೆ ಹೊಲದಲ್ಲಿದ್ದ ಎತ್ತು ಕಿವಿ ನಿಮಿರಿಸುತ್ತಿತ್ತು. ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ, ಕುಟ್ಟುವಾಗ ಒನಕೆ ಎತ್ತಿದರೆ ಒಂದು ಬೈಗುಳ, ಇಳಿಸಿದರೆ ಒಂದು ಬೈಗುಳ. ಅವಳ ಮಗ ರೇವಣ ಮತ್ತು ನಾನು ಬಿಸಿ ಭಕ್ಕರಿ ಹಿಡಿದು ಒರಳಿನ ಎದುರಿಗೇ ಕೂತಿರುತ್ತಿದ್ದೆವು, ಕುಟ್ಟುವಾಗ ಸಿಡಿದು ಹೊರಗೆ ಬಿದ್ದದ್ದು ನಮ್ಮ ಪಾಲು. ಆ ಹಿಂಡಿಯ ರುಚಿ ನನ್ನ ಹೆಂಡತಿಯ ಹಿಂಡಿಗೆ ಇಲ್ಲ. ಇದನ್ನು ಅವಳು ಓದುವುದಿಲ್ಲ, ಅವಳು ಕಲಿತದ್ದು ಮರಾಠಿ ಸಾಲೆಯಲ್ಲಿ, ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ.

ನನ್ನ ಮದುವೆಯ ದಿನ ಅನಾಹುತವಾಯಿತು. ನಮ್ಮ ಕಡೆ ಮದುವೆಯಲ್ಲಿ ಹಿರಿಯರ ಹೆಸರು ಕೂಗಿ, ಕರೆದು, ಆಹೇರ ಅಂತ ಉಡುಗೊರೆ ಮಾಡುತ್ತಾರೆ. ಹತ್ತಿರದ ಬೀಗರಿಗೆ, ಮಾನದ ಹಿರಿಯರಿಗೆ ತಲೆಗೆ ಫೇಟಾ ಸುತ್ತುತ್ತಾರೆ. ಉಳಿದವರಿಗೆ ಟೋಪಿ-ಟವೆಲ್. ಅಪ್ಪನಿಗೆ ಅವತ್ತು ಉತ್ಸಾಹ ಉಕ್ಕಿ, ಎದುರು ಬಂದವರಿಗೆಲ್ಲ ಫೇಟಾ ಸುತ್ತಿಸಿದ. ಕಂದಲಗಾಂವದ ಸಾವಕಾರರು ಬಂದರು, ಅವರಿಗೂ ಫೇಟಾ. ಅವರ ಜೊತೆ ಬಂದ ಜೀಪಿನ ಡ್ರೈವರ್‌ನಿಗೂ ಫೇಟಾ. ಕಡೆಗೆ ದೊಡ್ಡವ್ವನ ಗಂಡ, ನನ್ನ ದೊಡ್ಡಪ್ಪನ ಹೆಸರು ಕೂಗಿದಾಗ ಫೇಟಾಗಳು ತೀರಿಹೋಗಿದ್ದವು. ಯಾರೋ ಪುಣ್ಯಾತ್ಮ ಗಡಿಬಿಡಿಯಲ್ಲಿ ಒಂದು ಟೋಪಿ, ಒಂದು ಟವೆಲ್ ತಂದು ದೊಡ್ಡಪ್ಪನ ಕೈಗಿಟ್ಟ. ಅದೂ ನಮ್ಮ ಕಾರ್ಖಾನೆಯದೇ ಟವೆಲ್.

ದೊಡ್ಡಪ್ಪ ಟವೆಲ್ ನೋಡಿದ. ಫೇಟಾ ಸುತ್ತಿಕೊಂಡು ಜಿಲೇಬಿ ತಿನ್ನುತ್ತಿದ್ದ ಡ್ರೈವರ್‌ನನ್ನು ನೋಡಿದ. ಎದ್ದ.

"ಷಡ್ಡಕ ಅಂದ್ರ ಡ್ರೈವರಕಿಂತ ಕಡಿಮಿ ಏನೋ? ಇವತ್ತಿಗಿ ಮುಗೀತು. ನಿನ್ನ ಹೊಸ್ತಿಲಾ ತುಳ್ಯಾಂಗಿಲ್ಲ!"

ಅಪ್ಪ ಎರಡು ಕೈ ಜೋಡಿಸಿ ತಪ್ಪಾಯಿತು ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅಪ್ಪ ಅಂಥವನಲ್ಲ. ಎಲ್ಲರೆದುರು ಬೇಲ್-ಭಂಡಾರ ತರಿಸಿದ. ಬಿಲ್ವಪತ್ರೆ ಮತ್ತು ಭಂಡಾರದ ಅರಿಶಿಣ ಕೈಯಲ್ಲಿ ಹಿಡಿದು ಆಡಿದ ಮಾತನ್ನು ನಮ್ಮ ಕಡೆ ಯಾರೂ ಮುರಿಯುವುದಿಲ್ಲ. "ನಾನೂ ನಿನ್ನ ಹೊಸ್ತಿಲಾ ತುಳ್ಯಾಂಗಿಲ್ಲ, ನಿನ್ನ ಮನಿ ನೀರ ಕುಡ್ಯಾಂಗಿಲ್ಲ. ನಮ್ಮ ಮನ್ಯಾವ್ರೂ ಯಾರೂ ಕುಡ್ಯಾಂಗಿಲ್ಲ!" ಅಂದ. ಅವ್ವನ ಕೈಯನ್ನೂ ಹಿಡಿದು ಭಂಡಾರದ ಮೇಲೆ ಇಡಿಸಿದ. ಮಗನ ಅಕ್ಷತೆ ಆಗಿ ಇನ್ನೂ ಅರಿಶಿಣದ ಕೈ ತೊಳೆದಿರಲಿಲ್ಲ ಅವಳು. ನಾನು ಬಾಸಿಂಗ ಕಟ್ಟಿಕೊಂಡು ಗೂಟದ ಹಾಗೆ ನಿಂತು ನೋಡಿದೆ.

ನನ್ನ ಮಗಳು ಈಗ ಕಾಲೇಜಿಗೆ ಹೋಗುತ್ತಾಳೆ. ಒಂದು ಫೇಟಾದ ಸಲುವಾಗಿ ಇಷ್ಟು ವರ್ಷ ಇಬ್ಬರು ಅಕ್ಕತಂಗಿಯರು ಒಬ್ಬರ ಮುಖ ಒಬ್ಬರು ನೋಡದೆ ಕೂತಿದ್ದರು. ಮದುವೆ ಮುಂಜಿವೆಯಲ್ಲಿ ಎದುರಾದರೆ ಗಂಡಂದಿರ ಕಣ್ಣಿಗೆ ಹೆದರಿ, ಒಬ್ಬಳು ಈ ಕಂಬಕ್ಕೆ, ಇನ್ನೊಬ್ಬಳು ಆ ಕಂಬಕ್ಕೆ. ಈ ನಡುವೆ ದೊಡ್ಡವ್ವನ ಕಿವಿ ಮಂದವಾಗುತ್ತ ಬಂದು ಪೂರ್ತಿ ಹೋದವು. ಹಾಗಾಗಿ ಕದ್ದು ಫೋನಿನಲ್ಲಿ ಮಾತಾಡುವ ದಾರಿಯೂ ಮುಚ್ಚಿತು.

ಆಗ ಬಂತು ನೋಡಿ ನಮ್ಮ ಚೌಕದ ಫೋನು. ರೇವಣ ಕೆಲಸಕ್ಕೆಂದು ಸೋಲಾಪುರಕ್ಕೆ ಬರುತ್ತಾನೆ, ನಾವಿಬ್ಬರೂ ಹೊರಗೆ ಹೊರಗೇ ಚಹಾ ಕುಡಿಯುವವರು. ಹೋಟೆಲಿನ ನೀರಿಗೆ ಆಣೆ ಇಲ್ಲವಲ್ಲ. ನನ್ನ ಪ್ರವಚನ ಕೇಳಿ ಕೇಳಿ ಅವನೂ ಅದೇ ಫೋನು ಕೊಂಡ, ಅವನ ತಾಯಿಗೂ ಒಂದು, ನನ್ನ ತಾಯಿಗೂ ಒಂದು ಅಂತ ಇಬ್ಬರೂ ಕೂಡಿಯೇ ಕೊಂಡೆವು. ಅವ್ವನ ಫೋನಿನ ನಡುವೆ ದೊಡ್ಡವ್ವನ ಮುಖ, ಅಂಗೈಯಷ್ಟು ದೊಡ್ಡ ಚೌಕ. ದೊಡ್ಡವ್ವನ ಫೋನಿನ ನಡುವೆ ಅವ್ವನ ಮುಖ. ಆ ಮುಖದ ಮೇಲೆ ಬೆರಳಿಟ್ಟು, ಕೆಳಗಿನ ಹಸಿರು ಒತ್ತಿದರೆ ವಿಡಿಯೊ.

ಮೊದಲ ದಿನ ಇಬ್ಬರೂ ಮಾತಾಡಲಿಲ್ಲ, ಬರೀ ಅತ್ತರು. ಎರಡನೆಯ ದಿನದಿಂದ ನಿಲ್ಲಲಿಲ್ಲ. ದೊಡ್ಡವ್ವನಿಗೆ ಕೇಳುವುದಿಲ್ಲ, ಅವ್ವ ಕೈಯಲ್ಲಿ ಹೇಳುತ್ತಿದ್ದಳು. ಜೋಳ ರಾಶಿಯಾಯಿತು ಅನ್ನುವುದಕ್ಕೆ ಮೊರ ಕೇರಿದ ಹಾಗೆ. ಸೊಸೆ ಸಿಟ್ಟಾಗಿದ್ದಾಳೆ ಅನ್ನುವುದಕ್ಕೆ ಗಲ್ಲ ಉಬ್ಬಿಸಿ ಕಣ್ಣು ಮೇಲೆ. ನನ್ನ ಹೆಂಡತಿ ಅದನ್ನು ಬಾಗಿಲ ಸಂದಿಯಿಂದ ನೋಡಿ ನಿಜವಾಗಿಯೇ ಸಿಟ್ಟಾಗುತ್ತಿದ್ದಳು. ಫೋನು ಮುಗಿದ ಮೇಲೂ ಅವ್ವ ಆ ಚೌಕವನ್ನು ನೋಡುತ್ತ ಕೂರುತ್ತಿದ್ದಳು. ಅದು ಮಗುಚಿಕೊಂಡರೆ, "ಅಕ್ಕ ಮಗ್ಗಲಾ ಬದಲಿಸಿದ್ಲು ನೋಡು," ಅನ್ನುತ್ತಿದ್ದಳು.

ಅಪ್ಪನಿಗೆ ಗೊತ್ತಿರಲಿಲ್ಲವೇ ಅಂತ ಕೇಳುತ್ತೀರಿ. ಅದೇ ಪಡಸಾಲೆಯಲ್ಲಿ, ಅವ್ವನ ಹಿಂದಿನ ಹಗ್ಗದ ಮಂಚದ, ನಮ್ಮ ಮಾತಿನಲ್ಲಿ ಬಾಜಿನ, ಮೇಲೆಯೇ ಕೂತಿರುತ್ತಿದ್ದ! ಒಮ್ಮೆ ನಾನೇ ಕೆಣಕಿದೆ, ಆಣೆ ಎಲ್ಲಿ ಹೋಯಿತು ಅಂತ. "ನಾ ಹೇಳಿದ್ದು ಹೊಸ್ತಿಲಾ ಮತ್ತ ನೀರು. ಫೋನಿಂದು ಹೇಳಿಲ್ಲ," ಅಂದ. ಆಮೇಲೆ ಗಮನಿಸಿದೆ. ಆ ಕಡೆ ದೊಡ್ಡವ್ವನ ಹೆಗಲ ಹಿಂದೆ ದೊಡ್ಡಪ್ಪನ ಅರ್ಧ ಮೈ ಕಾಣುತ್ತಿತ್ತು, ಒಂದು ಕಿವಿ, ಅರ್ಧ ಮೀಸೆ. ಈ ಕಡೆ ಅಪ್ಪನೂ ಅರ್ಧವೇ ಕಾಣುವಂತೆ ಬಾಜು ಸರಿಸಿಕೊಂಡು ಕೂರುತ್ತಿದ್ದ. ಒಬ್ಬರ ಜೊತೆ ಒಬ್ಬರು ಮಾತಿಲ್ಲ. ಬರೀ ಕೂರುವುದು.

ಇಷ್ಟು ಕಟ್ಟಿಕೊಂಡಿದ್ದೆವು ನಾವು ಆ ಫೋನಿನ ಮೇಲೆ. ಆಗ ಕಂಪನಿಯವರು ಕೈ ಎತ್ತಿದರು.

ಮೊದಲು ಹೊಸ ಫೋನು ಮಾಡುವುದು ನಿಲ್ಲಿಸಿದರು. ಹೋಗಲಿ ಅಂದೆ, ನಮ್ಮ ಹತ್ತಿರ ಇದೆಯಲ್ಲ. ಆಮೇಲೆ ಅದರ ರಿಪೇರಿ, ಸುಧಾರಣೆ ಎಲ್ಲ ಬಂದ್ ಅಂದರು. ಆಗಲೂ ನಾಗೇಶನ ಎದುರು ಸಮರ್ಥನೆ ಮಾಡಿದೆ, ಏನೋ ಹೊಸದು ತರುವವರಿದ್ದಾರೆ ಅಂತ. ಯಾರೂ ದಿಕ್ಕಿಲ್ಲದ ಫೋನಿಗೆ ನಾವೇಕೆ ದುಡಿಯಬೇಕು ಅಂತ ಒಂದೊಂದೇ ಆ್ಯಪಿನವರು ಎದ್ದು ನಡೆದರು. ಕಟ್ಟಕಡೆಗೆ ವಿಡಿಯೊ ಮಾತಿನ ಆ್ಯಪೂ ನಿಂತಿತು. ಕಂಪನಿಯಿಂದ ಒಂದು ಸಂದೇಶ ಬಂತು, ಇಂಗ್ಲಿಷಿನಲ್ಲಿ, ಬೆಣ್ಣೆ ಸವರಿದ ಹಾಗೆ. ಇಷ್ಟು ದಿನ ನಮ್ಮ ಜೊತೆ ಇದ್ದುದಕ್ಕೆ ಧನ್ಯವಾದ, ಇನ್ನು ಬೇರೆ ಕಂಪನಿಯ ಫೋನು ಕೊಳ್ಳುವುದು ಒಳ್ಳೆಯದು ಅಂತ. ಏನು ನಾಚಿಕೆಗೇಡು! ನಡುನೀರಿನಲ್ಲಿ ಇಳಿಸಿ, ಈಜು ಆರೋಗ್ಯಕ್ಕೆ ಒಳ್ಳೆಯದು ಅಂದ ಹಾಗೆ.

ನೀವೇ ಹೇಳಿ, ವ್ಯಾಪಾರ ಅಂದರೆ ಹೀಗೋ? ನಮ್ಮ ಕಾರ್ಖಾನೆಯ ಮುದಿ ಮಾಲಕ ದೊಡ್ಡ ಸಂತನೇನಲ್ಲ, ಚಹಾಕ್ಕೆ ಸಕ್ಕರೆ ಹೆಚ್ಚಾದರೆ ಗೊಣಗುವವನು. ಆದರೆ ಒಂದು ಟವೆಲ್ಲಿನ ಅಂಚಿನ ನಮೂನೆ ನಿಲ್ಲಿಸಬೇಕಾದರೆ ಹಳೆಯ ಗಿರಾಕಿಗಳಿಗೆಲ್ಲ ತಾನೇ ಫೋನು ಹಚ್ಚಿ, "ಬಂದ್ ಮಾಡಾಕತ್ತೀನ್ರಿ, ಎಷ್ಟು ಬೇಕು ಹೇಳ್ರಿ, ನೇಯ್ದು ಇಟ್ಟೇ ಬಂದ್ ಮಾಡತೀನಿ," ಅನ್ನುತ್ತಾನೆ. ಒಂದು ಅಂಚಿಗೆ ಇಷ್ಟು ಮರ್ಯಾದೆ. ನಾನು ಆ ಕಂಪನಿಗೆ ಇಂಗ್ಲಿಷಿನಲ್ಲಿ ಬೈದು ಬರೆದೆ. ನನ್ನ ಇಂಗ್ಲಿಷಿನಲ್ಲಿ ಬೈಗುಳಗಳು ಕಡಿಮೆ, ಅದೇ ದೊಡ್ಡ ಅಡಚಣೆಯಾಯಿತು. ಅವರ ಕಡೆಯಿಂದ ಬಂದ ಉತ್ತರ ಏನು ಗೊತ್ತೇ? ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ.

ಬೇರೆ ಫೋನು ಕೊಳ್ಳಬಾರದಿತ್ತೇ ಅನ್ನುತ್ತೀರಾ? ಕೊಂಡೆವು, ನಾನೂ ರೇವಣನೂ, ಮತ್ತೆ ಜೋಡಿಯಾಗಿ. ಅವ್ವ ಹೇಗೋ ಹೆಣಗಾಡಿದಳು. ದೊಡ್ಡವ್ವನಿಗೆ ಮಾತ್ರ ಆಗಲಿಲ್ಲ. ಆ ಸಣ್ಣ ಬೊಟ್ಟುಗಳಲ್ಲಿ ತಂಗಿ ಯಾವುದು, ಹವಾಮಾನ ಯಾವುದು? ಬೆರಳು ತುಸು ಜಾರಿದರೆ ತಂಗಿ ಮಾಯ, ಜಾಹೀರಾತು ಹಾಜರ್. ಒಂದು ಸಲ ಎಲ್ಲಿಯೋ ಒತ್ತಿ ಯಾರೋ ಗುರುತಿಲ್ಲದ ಗಂಡಸು ಪರದೆಯ ಮೇಲೆ ಬಂದ, ದೊಡ್ಡವ್ವ ಸೆರಗು ಎಳೆದುಕೊಂಡು ಫೋನನ್ನು ಕಾಳಿನ ಡಬ್ಬಿಯೊಳಗೆ ಹಾಕಿ ಮುಚ್ಚಿದಳಂತೆ. ರೇವಣ ಹಗಲೆಲ್ಲ ಕೆಲಸದಲ್ಲಿ. ಗಂಡನನ್ನು, ನನ್ನ ತಂಗಿಗೆ ಫೋನು ಹಚ್ಚಿಕೊಡು ಅಂತ ಕೇಳುವ ಹಾಗಿಲ್ಲ. "ಇದು ನನ್ನ ಫೋನಲ್ಲ, ನನ್ನ ತಂಗಿ ಇದರಾಗಿಲ್ಲ," ಅಂದು ಬಿಟ್ಟೇಬಿಟ್ಟಳು.

ಅವ್ವ ಆಮೇಲೂ ಹಳೆಯದನ್ನೇ ಚಾರ್ಜಿಗೆ ಹಾಕುತ್ತಿದ್ದಳು. ನಡುವಿನ ಚೌಕದಲ್ಲಿ ಅಕ್ಕನ ಮುಖ ಇದ್ದೇ ಇತ್ತು, ಬೆರಳಿಟ್ಟರೆ ಮಾತ್ರ ಏನೂ ಆಗುತ್ತಿರಲಿಲ್ಲ. ಅಪ್ಪ ಯಾವ ಕಾರಣವೂ ಇಲ್ಲದೆ ಎಲ್ಲರ ಮೇಲೆ ರೇಗತೊಡಗಿದ, ಬಾಜನ್ನು ಮೊದಲಿನ ಜಾಗಕ್ಕೇ ಎಳೆದುಕೊಂಡು ಗೋಡೆ ನೋಡುತ್ತ ಕೂತ.

ಒಂದು ರವಿವಾರ ಅವ್ವ ನನ್ನನ್ನು ಕೇಳಿದಳು. "ಮಾದೂ, ಆ ಕಂಪನಿಯಾವ್ರು ಕಡೀತನಕ ಇರತೀವಿ ಅಂತ ಮಾತು ಕೊಟ್ಟಿದ್ರಲ್ಲ?"

"ಕೊಟ್ಟಿದ್ರವ್ವ."

"ಮತ್ತ ಮುರದ್ರಲ್ಲ. ಅವರಿಗೇನಾತು?"

"ಏನಾಗತದ? ನಮ್ಮಂಥಾವ್ರು ನಾಕ ಮಂದಿ ಬೈದ್ವಿ. ಅವರು ಮತ್ತೊಂದು ಧಂದೆ ಮಾಡಾಕತ್ತ್ಯಾರ, ಆರಾಮ ಅದಾರ."

"ದೇವ್ರೇನೂ ಮಾಡಲಿಲ್ಲ?"

"ಏನೂ ಮಾಡಲಿಲ್ಲ."

ಅವ್ವ ಎದ್ದು ಒಳಗೆ ಹೋದಳು. ಹೊರಬಂದಾಗ ಇಳಕಲ್ಲ ಸೀರೆ ಉಟ್ಟಿದ್ದಳು, ಕೈಯಲ್ಲಿ ಹಿಂಡಿಯ ಡಬ್ಬಿ. "ಗಾಡಿ ತೆಗಿ," ಅಂದಳು.

ಅಪ್ಪ ಬಾಜಿನಿಂದ ತಲೆ ಎತ್ತಿದ. "ಎಲ್ಲಿಗಿ?"

"ಅಕ್ಕಲಕೋಟಕ್ಕ. ಅಕ್ಕನ ಮನಿಗಿ."

"ಬೇಲ್-ಭಂಡಾರ ಮುಟ್ಟೀದಿ ನೀ!"

ಅವ್ವ ಅಪ್ಪನ ಎದುರು ದನಿ ಎತ್ತಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ನಾ ಎಲ್ಲಿ ಮುಟ್ಟೀನ್ರಿ? ನೀವು ಹಿಡದು ಮುಟ್ಟಿಸೀರಿ. ಅಷ್ಟು ದೊಡ್ಡ ಕಂಪನಿ, ಲೋಕದ ಮಂದಿಗೆಲ್ಲಾ ತಾನಾಗೇ ಮಾತು ಕೊಟ್ಟು ಮುರೀತು, ಅದಕ್ಕ ಏನೂ ಆಗಲಿಲ್ಲ. ಒಂದು ಫೇಟಾದ ಸಲುವಾಗಿ ನನ್ನ ಜನ್ಮಾ ಎಲ್ಲಾ ಕಾಯಿಸಿದ್ರಿ. ನನಗ ಏನ ಆಗತದೋ ಆಗಲಿ. ನಾಕ ಮಂದಿ ಬೈತಾರ? ಬೈಲಿ. ನೀವೂ ಬೈರಿ!"

ನಾನು ಗಾಡಿ ತೆಗೆದೆ.

ದಾರಿಯುದ್ದಕ್ಕೂ ಅವ್ವ ಒಂದು ಕೈಯಲ್ಲಿ ಹಿಂಡಿಯ ಡಬ್ಬಿ, ಇನ್ನೊಂದರಲ್ಲಿ ನನ್ನ ಅಂಗಿಯ ಬೆನ್ನು ಹಿಡಿದು ಕೂತಿದ್ದಳು. ಅಕ್ಕಲಕೋಟದ ಆ ಮನೆ ಬಂತು. ದೊಡ್ಡಪ್ಪ ಕಟ್ಟೆಯ ಮೇಲೆ ಕೂತಿದ್ದ. ಪೂರ್ತಿ ದೊಡ್ಡಪ್ಪ, ಎರಡೂ ಕಿವಿ, ಇಡೀ ಮೀಸೆ. ಅವ್ವನನ್ನು ನೋಡಿ ಎದ್ದು ನಿಂತ, ಏನು ಮಾಡಬೇಕೋ ತಿಳಿಯದೆ ಗೋಡೆಯ ಕಡೆ ಮುಖ ತಿರುಗಿಸಿದ. ಅವ್ವ ಸೆರಗು ಸರಿಪಡಿಸಿಕೊಂಡು ಹೊಸ್ತಿಲು ತುಳಿದಳು. ಮೊದಲು ಬಲಗಾಲು, ಆಮೇಲೆ ಎಡಗಾಲು. ಆಕಾಶ ಬೀಳಲಿಲ್ಲ.

ದೊಡ್ಡವ್ವ ಒಳಗೆ ನೆಲದ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು. ಕೇಳಿಸಿದ್ದರೆ ತಾನೇ ತಿರುಗಲು? ಅವ್ವ ಹಿಂದಿನಿಂದ ಹೋಗಿ ಎದುರಿಗೆ ನಿಂತಳು. ನೆಲದಲ್ಲಿ ಕೂತವಳ ಕಣ್ಣಿಗೆ ಮೊದಲು ಬಿದ್ದದ್ದು ಅವ್ವನ ಕಾಲು, ವಾತದಿಂದ ಬಾತ ಕಾಲು. ದೊಡ್ಡವ್ವ ಆ ಕಾಲು ನೋಡಿದಳು, ಮೇಲೆ ಮುಖ ನೋಡಿದಳು. ಮೊರ ಕೈಯಿಂದ ಜಾರಿ ಜೋಳ ನೆಲದ ತುಂಬ ಚೆಲ್ಲಿತು.

"ಯವ್ವಾ, ಕಾಲು ಹಿಂಗ ಬಾತಾವ! ದಿನಾ ಮಾತಾಡತಿದ್ದಿ, ಒಮ್ಮೆರ ತೋರ್ಸೀದೇನ ಸುಡುಗಾಡ?" ಅಂತ ಆ ಹಳೆಯ ಗಂಟಲಲ್ಲಿಯೇ ಬೈದಳು. ಬೈಯುತ್ತಲೇ ಆ ಕಾಲು ತಬ್ಬಿಕೊಂಡಳು. ಅವ್ವ ಅಲ್ಲಿಯೇ ಜೋಳದಲ್ಲಿ ಅವಳ ಪಕ್ಕಕ್ಕೆ ಕೂತಳು.

ಹೊರಗಿನಿಂದ ದೊಡ್ಡಪ್ಪನ ದನಿ ಬಂತು. "ಬಿಸಲಾಗ ಬಂದಾರ. ನೀರ ಕೊಡ್ರಿ ಯಾರರ." ದೊಡ್ಡವ್ವನಿಗೆ ಅದು ಕೇಳುವುದಿಲ್ಲ, ರೇವಣ ಮನೆಯಲ್ಲಿರಲಿಲ್ಲ. ಕಡೆಗೆ ದೊಡ್ಡಪ್ಪನೇ ಎದ್ದು ಬಂದು ನೀರಿನ ತಂಬಿಗೆ ಅವ್ವನ ಎದುರಿಗಿಟ್ಟು ಹೊರಗೆ ಹೋದ. ಅವ್ವ ತಂಬಿಗೆ ಎತ್ತಿ ಗಟಗಟ ಕುಡಿದಳು.

ಹೊರಡುವಾಗ ದೊಡ್ಡಪ್ಪ ನನ್ನ ಗಾಡಿಯ ಹತ್ತಿರ ಬಂದು ಕೆಮ್ಮಿದ. "ಆ ಫೋನ್ ಇನ್ನ ಚಾಲೂ ಆಗಾಂಗಿಲ್ಲೇನು?" ಅಂತ ಕೇಳಿದ. ಆಗುವುದಿಲ್ಲ, ಕಂಪನಿಯವರು ಕೈಬಿಟ್ಟರು ಅಂದೆ. "ಹಲಕಟ್ ಮಂದಿ," ಅಂದ. ನನ್ನ ಸಿಟ್ಟನ್ನು ಪೂರ್ತಿ ಅರ್ಥ ಮಾಡಿಕೊಂಡ ಮನುಷ್ಯ ಅವನೊಬ್ಬನೇ.

ಕಂಪನಿ ಕೈಬಿಟ್ಟದ್ದೇ ಒಳ್ಳೆಯದಾಯಿತಲ್ಲ ಅಂತ ನೀವು ಈಗ ಅನ್ನಬಹುದು. ನಾಗೇಶನೂ ಅಂದ. ಖಬರ್ದಾರ್! ಅವ್ವ ಹೋದದ್ದು ಅವ್ವನ ಎದೆಗಾರಿಕೆಯಿಂದ. ಅದರ ಪುಣ್ಯ ಮಾತು ಮುರಿದ ಆ ದಗಲಬಾಜರಿಗೆ ಒಂದು ಕಾಳಿನಷ್ಟೂ ಕೊಡುವವನಲ್ಲ ನಾನು. ಮಾಳಿಗೆಯಿಂದ ಫೋನು ತಂದು ಒರೆಸಿ, ಕಪಾಟಿನಲ್ಲಿ ಇಟ್ಟಿದ್ದೇನೆ. ಆ ಮೂಲೆಗೆ ಇನ್ನೊಂದು ಕಲ್ಲು ಇಟ್ಟೆ.

ಆ ದಿನ ಮನೆಗೆ ಬಂದಾಗ ಅಪ್ಪ ಬಾಜಿನ ಮೇಲೆಯೇ ಇದ್ದ, ಊಟ ಮಾಡಿರಲಿಲ್ಲ. ಬೈಯಲಿಲ್ಲ. ಅವ್ವ ತಾಟು ಹಾಕಿ ಭಕ್ಕರಿ ಬಡಿಸಿದಳು. ಎರಡು ತುತ್ತು ತಿಂದ ಮೇಲೆ, ತಾಟಿನಿಂದ ಕಣ್ಣೆತ್ತದೆ, ಅಪ್ಪ ಕೇಳಿದ.

"ಅವಾ ಹೆಂಗ ಅದಾನ?"

ಅವ್ವ ಹಿಂಡಿಯ ಮೇಲೆ ಎಣ್ಣೆ ಹಾಕುತ್ತ ಹೇಳಿದಳು.

"ಹೋಗಿ ನೋಡಿ ಬರ್ರಿ. ನಾ ಏನ ಫೋನ್ ಅಲ್ಲ."